ಹಾಲು ಉಕ್ಕಿಸಿದ ಮನೆ

“ಬೀಗ ತೆಗೀರಿ, ಕಸ ಗುಡಿಸಿ, ಫೋಟೋ ಬೇಕಾದ್ರೂ ತೆಕ್ಕೊಳ್ಳಿ. ಹಾಲು ಮಾತ್ರ ಉಕ್ಕಿಸ್ಬೇಡಿ ತಾಯಿ,” ಎಂದಳು ಎದುರು ಜಗಲಿಯಲ್ಲಿ ಸೊಪ್ಪು ಮಾರುತ್ತಿದ್ದ ಮುತ್ಯಾಲಮ್ಮ. “ಉಕ್ಕಿಸಿದ್ರೆ ಆ ಮನೆಯವ್ರಾಗ್ಬಿಡ್ತೀರಿ.”

“ಆಗ್ಬೇಕಂತಾನೇ ಬಂದಿರೋದು ಅಜ್ಜಿ,” ಎಂದು ಶಿವರಂಜಿನಿ ನಕ್ಕಳು. ಅವಳ ಗಂಡ ಕೈಲಾಸ್ ನಗಲಿಲ್ಲ. “ಬೇಡ ರಂಜು,” ಎಂದು ಶರ್ಟಿನೊಳಗಿದ್ದ ಲಿಂಗದ ಕರಡಿಗೆಯನ್ನು ಒಮ್ಮೆ ಮುಟ್ಟಿ ನೋಡಿಕೊಂಡ. ಅದು ಅವಳ ಕಣ್ಣಿಗೆ ಬೀಳದೆ ಇರಲಿಲ್ಲ.

“ನೀವು ಅದನ್ನ ಹಿಡ್ಕೊಂಡು ಇಲ್ಲೇ ನಿಂತಿರಿ. ನಾನು ಒಲೆ ಹಚ್ತೀನಿ,” ಎಂದು ಆರು ವರ್ಷದ ಮಗಳು ಇಂಚರಳ ಕೈ ಹಿಡಿದು ಹೊಸ್ತಿಲು ದಾಟಿದಳು. ಬಲಗಾಲು ಮೊದಲು ಇಡು ಎಂದು ಮಗುವಿಗೆ ಹೇಳಿಕೊಟ್ಟದ್ದೂ ಅವಳೇ. ನಾಟಕವೆಂದ ಮೇಲೆ ಚೆನ್ನಾಗಿಯೇ ಆಡಬೇಕಲ್ಲ.

ಮನೆ ಕಟ್ಟಿ ನೋಡು, ಮದುವೆ ಮಾಡಿ ನೋಡು ಎಂದ ಹಿರಿಯರು ಬೆಂಗಳೂರಿನಲ್ಲಿ ಮಗುವಿಗೆ ಒಂದನೇ ತರಗತಿಯ ಸೀಟು ಕೇಳಿ ನೋಡಿರಲಿಲ್ಲ. ಕೈಲಾಸನಿಗೆ ವರ್ಗವಾಗಿ ತಿಪಟೂರಿನಿಂದ ಬಂದ ಈ ಸಂಸಾರಕ್ಕೆ ಚಾಮರಾಜಪೇಟೆಯ ಒಂದು ಶಾಲೆಯ ಮೇಲೆ ಮನಸ್ಸಾಗಿತ್ತು. ಆ ಶಾಲೆಯಲ್ಲಿ ಒಂದು ಕಿಲೋಮೀಟರಿನೊಳಗೆ ವಾಸ ಇರುವ ಮಕ್ಕಳಿಗೆ ಮೊದಲ ಆದ್ಯತೆ. ಎರಡು ತಿಂಗಳು ಬೀದಿ ಬೀದಿ ಸುತ್ತಿದರು. ಆ ಒಂದು ಕಿಲೋಮೀಟರಿನೊಳಗೆ ಸಿಕ್ಕ ಮನೆಗಳಲ್ಲಿ ಒಂದಕ್ಕೆ ಕಿಟಕಿ ಇಲ್ಲ, ಇನ್ನೊಂದಕ್ಕೆ ನೀರಿಲ್ಲ, ಮತ್ತೊಂದರ ಮಾಲೀಕನಿಗೆ ಮಕ್ಕಳ ಗಲಾಟೆ ಆಗದು. ಗಾಳಿ ಬೆಳಕು ಇರುವ ಮನೆ ಸಿಕ್ಕಿದ್ದು ತ್ಯಾಗರಾಜನಗರದಲ್ಲಿ. ಅಲ್ಲಿಂದ ಶಾಲೆ ದೂರ.

ದಾರಿ ತೋರಿಸಿದವನು ಬ್ರೋಕರ್ ಧರ್ಮರಾಜು. “ಇರೋದು ತ್ಯಾಗರಾಜನಗರದಲ್ಲೇ ಇರಿ ಮೇಡಂ. ಅಡ್ರೆಸ್ ಮಾತ್ರ ಚಾಮರಾಜಪೇಟೆದು ಕೊಡಿ. ಎಲ್ರೂ ಮಾಡೋದೇ,” ಎಂದ. ಅವನ ಕೈಯಲ್ಲಿ ಒಂದು ಖಾಲಿ ಮನೆಯ ಬೀಗದಕೈ ಇತ್ತು. ಮಾಲೀಕರು ಅದನ್ನು ಸಂಸಾರಸ್ಥರಿಗೆ ಕೊಡುವುದಿಲ್ಲವಂತೆ, ಕಾಗದದಲ್ಲಿ ಬಾಡಿಗೆ ಎಂದು ಬರೆಯಲು ಮಾತ್ರ ಅಡ್ಡಿಯಿಲ್ಲವಂತೆ. “ಸ್ಕೂಲಿಂದ ಒಬ್ರು ಬಂದು ನೋಡ್ತಾರೆ. ಬಾಗಿಲಲ್ಲಿ ಮಗು ಚಪ್ಪಲಿ, ಹಗ್ಗದ ಮೇಲೆ ನಾಲ್ಕು ಬಟ್ಟೆ ಇರ್ಲಿ. ಹಾಲು ಉಕ್ಕಿಸಿದ ಫೋಟೋ ಒಂದಿದ್ರೆ ಯಾರೂ ಅನುಮಾನ ಪಡಲ್ಲ.”

ಶಿವರಂಜಿನಿ ಜಯನಗರದ ಲ್ಯಾಬೊಂದರಲ್ಲಿ ರಕ್ತ ಪರೀಕ್ಷೆ ಮಾಡುವವಳು. ಸೂಕ್ಷ್ಮದರ್ಶಕದ ಕೆಳಗೆ ಕಾಣಿಸದೇ ಇರುವುದನ್ನು ಅವಳು ನಂಬಿದವಳಲ್ಲ. ಹೀಗಾಗಿ ಒಲೆ ಹಚ್ಚಿದಳು.

ಎಡಕ್ಕೆ ಊದುಬತ್ತಿ ಹೊಸೆಯುವ ಮನೆ, ಬಲಕ್ಕೆ ಪುಸ್ತಕ ಬೈಂಡಿಂಗ್ ಮಾಡುವ ಅಂಗಡಿ. ಬೀದಿಯಲ್ಲಿ ನಿಂತಾಗ ಕಿವಿ ತುಂಬುತ್ತಿದ್ದ ಯಂತ್ರದ ಕಟಕಟ ಸದ್ದು ಹೊಸ್ತಿಲು ದಾಟಿದೊಡನೆ ನಿಂತುಹೋಗಿತ್ತು. ವರ್ಷಗಟ್ಟಲೆ ಮುಚ್ಚಿದ ಮನೆಯಲ್ಲಿ ಧೂಳಿನ ವಾಸನೆ ಇರಬೇಕಿತ್ತು. ಇಲ್ಲಿದ್ದದ್ದು ಹರಳೆಣ್ಣೆಯ ವಾಸನೆ, ಈಗಷ್ಟೇ ಬಿಸಿ ಮಾಡಿದಂಥದ್ದು. ಹಾಲು ಎಷ್ಟು ಹೊತ್ತಾದರೂ ಕಾಯಲಿಲ್ಲ. ಆಮೇಲೆ ಒಮ್ಮೆಲೇ ಉಕ್ಕಿ ಕೆಂಪು ಗಾರೆಯ ನೆಲದ ಮೇಲೆಲ್ಲ ಹರಿಯಿತು. ಮೂವರೂ ಒಂದೊಂದು ಲೋಟ ಕುಡಿದರು. ಹಾಲೆಂದರೆ ಮೂಗು ಮುರಿಯುತ್ತಿದ್ದ ಇಂಚರ ಇನ್ನೊಂದು ಲೋಟ ಕೇಳಿ ಕುಡಿದಳು.

ಫೋಟೋ ಚೆನ್ನಾಗಿ ಬಂತು. ಸೀಟೂ ಸಿಕ್ಕಿತು.

ಶಾಲೆ ಶುರುವಾದ ಎರಡನೇ ವಾರ. ಮಧ್ಯಾಹ್ನ ತ್ಯಾಗರಾಜನಗರದ ಮನೆಯ ಮುಂದೆ ವ್ಯಾನಿನಿಂದ ಇಳಿದ ಮಗಳನ್ನು ನೋಡಿ ಶಿವರಂಜಿನಿಗೆ ಸಿಟ್ಟು ಬಂತು. ಬೆಳಿಗ್ಗೆ ಅವಳು ಕಟ್ಟಿ ಕಳಿಸಿದ್ದು ಒಂದು ಜುಟ್ಟು. ಈಗ ಎರಡು ಜಡೆ. ಕೆನ್ನೆಗೆ ಇಳಿಯುವಷ್ಟು ಹರಳೆಣ್ಣೆ ಹಚ್ಚಿ, ಹಣೆಯ ಚರ್ಮ ಬಿಗಿಯುವ ಹಾಗೆ ಹೆಣೆದಿದ್ದರು.

“ಯಾರು ಬಾಚಿದ್ದು?”

“ದೊಡ್ಡಮ್ಮ.”

ಇಂಚರಳಿಗೆ ದೊಡ್ಡಮ್ಮ ಎನ್ನುವವರು ಯಾರೂ ಇರಲಿಲ್ಲ. ಆಯಾಗಳ ಕೆಲಸವಿರಬೇಕೆಂದು ಗೊಣಗುತ್ತ ಶಿವರಂಜಿನಿ ಮಗುವಿನ ಶೂ ಬಿಚ್ಚಿದಳು, ಸಾಕ್ಸ್ ಎಳೆದಳು. ಅಂಗಾಲಿನ ನಡುವೆ ದುಂಡನೆಯ ಒಂದು ಕಾಡಿಗೆ ಬೊಟ್ಟು. ಇನ್ನೂ ಒದ್ದೆಯಾಗಿತ್ತು.

ಮರುದಿನ ಶಾಲೆಗೆ ಹೋಗಿ ಜಗಳವಾಡಿದಳು. ಅವರು ಹಿಂದಿನ ದಿನದ ಕ್ಯಾಮೆರಾ ದೃಶ್ಯ ತೆಗೆದು ತೋರಿಸಿದರು. ಮಗು ಬೆಂಚು ಬಿಟ್ಟು ಎದ್ದೇ ಇರಲಿಲ್ಲ, ಹತ್ತಿರಕ್ಕೂ ಯಾರೂ ಬಂದಿರಲಿಲ್ಲ. ಊಟದ ಗಂಟೆಯವರೆಗೆ ಜುಟ್ಟು ಇತ್ತು. ಆಮೇಲೆ ಜಡೆ ಇತ್ತು. ಕ್ಯಾಮೆರಾ ಕೆಟ್ಟಿದೆ ಎಂದಳು ಶಿವರಂಜಿನಿ. ಅವಳ ಧ್ವನಿಯಲ್ಲಿ ಮೊದಲಿನ ಜೋರು ಇರಲಿಲ್ಲ.

ಊಟದ ಡಬ್ಬಿ ಹೋದ ಹಾಗೆಯೇ ವಾಪಸು ಬರತೊಡಗಿತು. “ದೊಡ್ಡಮ್ಮ ತಿನ್ನಿಸಿದ್ರು, ತುಪ್ಪ ಅನ್ನ. ಹೊಟ್ಟೆ ತುಂಬಿದೆ,” ಎಂದು ಮಗು ತೇಗುತ್ತಿತ್ತು. ಅಂಗಿ ಬಿಚ್ಚಿದರೆ ಪಕ್ಕೆಲುಬು ಎಣಿಸಬಹುದಿತ್ತು. ಶಿವರಂಜಿನಿ ಮಗಳ ರಕ್ತವನ್ನು ತಾನೇ ತೆಗೆದು ತಾನೇ ಪರೀಕ್ಷಿಸಿದಳು. ಹಿಮೋಗ್ಲೋಬಿನ್ ಹನ್ನೊಂದು ಇತ್ತು. ಮುಂದಿನ ವಾರ ಒಂಬತ್ತು. ಅದರ ಮುಂದಿನ ವಾರ ಏಳು. ಮೂವರು ಡಾಕ್ಟರು ನೋಡಿದರು, ರೋಗ ಯಾರ ಕೈಗೂ ಸಿಗಲಿಲ್ಲ. ಯಾವ ಸೂಕ್ಷ್ಮದರ್ಶಕದ ಮೇಲೆ ಅವಳಿಗೆ ಅಷ್ಟು ನಂಬಿಕೆಯಿತ್ತೋ ಅದರ ಮುಂದೆಯೇ ಕೂತು ಒಂದು ಮಧ್ಯಾಹ್ನ ಅತ್ತಳು.

ಒಂದು ಬೆಳಿಗ್ಗೆ ಬಾಚಣಿಗೆ ಹಿಡಿದು ಮಗಳನ್ನು ಹತ್ತಿರ ಎಳೆದುಕೊಂಡಾಗ ಮಗು ಮುದುಡಿತು.

“ಬೇಡ ಆಂಟಿ.”

“ಏನಂದೆ?”

“ನಮ್ಮನೇಗೆ ಬಿಟ್ಬಿಡಿ ಆಂಟಿ. ದೊಡ್ಡಮ್ಮ ಕಾಯ್ತಿರ್ತಾರೆ.”

ಶಿವರಂಜಿನಿ ಫೋನಿನಲ್ಲಿದ್ದ ಫೋಟೋಗಳನ್ನು ಒಂದೊಂದಾಗಿ ತೋರಿಸಿದಳು. ನಾಮಕರಣದ್ದು, ತಿಪಟೂರಿನ ಮನೆಯದ್ದು, ಅಮ್ಮನ ತೊಡೆಯ ಮೇಲೆ ಮಲಗಿದ್ದು. ಪ್ರತಿಯೊಂದಕ್ಕೂ ಮಗು ವಿನಯದಿಂದ ತಲೆಯಾಡಿಸಿತು, ಪರಿಚಯವಿಲ್ಲದವರ ಮನೆಗೆ ಹೋದಾಗ ಹೇಗಿರಬೇಕೆಂದು ಶಿವರಂಜಿನಿಯೇ ಕಲಿಸಿದ್ದ ವಿನಯ. ಅವಳು ಹುಬ್ಬಳ್ಳಿಗೆ ಕೆಲಸದ ಮೇಲೆ ಹೋಗಿದ್ದ ಕೈಲಾಸನಿಗೆ ಫೋನು ಮಾಡಿದಳು.

“ನಾನು ಅವತ್ತೇ ಹೇಳ್ದೆ ರಂಜು…”

“ಬೈಬೇಡಿ. ಆಮೇಲೆ ಎಷ್ಟು ಬೇಕಾದ್ರೂ ಬೈಯಿರಿ. ಈಗ ಹೊರಟು ಬನ್ನಿ.”

ಅವನು ಬರಲು ಸಂಜೆಯಾಗುತ್ತಿತ್ತು. ಮಗುವಿನ ಕೈ ಆಗಲೇ ತಣ್ಣಗಾಗತೊಡಗಿತ್ತು. ಶಿವರಂಜಿನಿ ಅವಳನ್ನು ಎತ್ತಿಕೊಂಡು ಆಟೋ ಹತ್ತಿ ನೇರ ಶಾಲೆಯ ಆಫೀಸಿಗೆ ಹೋದಳು.

“ನಾವು ಕೊಟ್ಟ ಅಡ್ರೆಸ್ ಸುಳ್ಳು ಸರ್. ತೆಗೆದುಬಿಡಿ.”

ಗುಮಾಸ್ತ ರುದ್ರೇಶ್ ಅವಳನ್ನೇ ನೋಡಿದ. “ತೆಗೆದ್ರೆ ಸೀಟೂ ಹೋಗತ್ತೆ ಮೇಡಂ.”

“ಹೋಗ್ಲಿ.”

ಎರಡು ತಿಂಗಳು ಕಂಡಕಂಡವರ ಕೈಕಾಲು ಹಿಡಿದು ಗಿಟ್ಟಿಸಿದ ಸೀಟು ಒಂದು ಸಹಿಗೆ ಹೋಯಿತು. ಗೇಟಿನ ಹೊರಗೆ ನಿಂತು ಬಾಡಿಗೆ ಕರಾರನ್ನೂ ಚೂರುಚೂರು ಮಾಡಿದಳು. ಆಸೆಯಿಂದ ಮಗಳ ಮುಖ ನೋಡಿದಳು. ಮಗು ಅವಳ ಹೆಗಲ ಮೇಲಿಂದ ಬೀದಿಯ ಕೊನೆಯನ್ನು ನೋಡುತ್ತಿತ್ತು.

“ಅಲ್ಲಿ ತಿರುಗ್ಬೇಕು ಆಂಟಿ. ನಮ್ಮನೆ ಅಲ್ಲಿದೆ.”

ಮುತ್ಯಾಲಮ್ಮ ದಂಟಿನ ಸೊಪ್ಪಿಗೆ ನೀರು ಚಿಮುಕಿಸುತ್ತಿದ್ದಳು. ಮಗುವಿನ ಎರಡು ಜಡೆ ಕಂಡೊಡನೆ ಅವಳ ಕೈ ನಿಂತಿತು.

“ಉಕ್ಕಿಸಿದ್ರಾ?” ಎಂದಳು.

ಶಿವರಂಜಿನಿ ಮಗುವನ್ನು ಜಗಲಿಯ ಮೇಲೆ ಇಳಿಸಿದಳು. “ಏನ್ ಮಾಡ್ಬೇಕು ಹೇಳಿ ಅಜ್ಜಿ. ನಿಮ್ ಕಾಲಿಗೆ ಬೀಳ್ತೀನಿ.”

ಮುದುಕಿ ಎದುರು ಮನೆಯತ್ತ ನೋಡದೆ, ಸಣ್ಣ ಧ್ವನಿಯಲ್ಲಿ ಹೇಳಿದಳು. “ಆ ಮನೆ ದೊಡ್ಡ ಸೊಸೆಗೆ ಮಕ್ಕಳಿರ್ಲಿಲ್ಲ. ವಾರಗಿತ್ತಿ ಮಗೂನ ಎರೆದು, ಬಾಚಿ, ತಿನ್ನಿಸಿ ಸಾಕಿದ್ದು ಆಕೇನೇ. ಒಂದ್ಸಲ ಮಗೂಗೆ ಜ್ವರ ಬಂತು. ಬಂಜೆ ಕಣ್ಣು ಬಿತ್ತು ಅಂತ ಆಕೇನ ಬೀದಿಗೆ ತಳ್ಳಿದ್ರು. ನಾನು ಆಗ ಲಂಗ ಹಾಕೋ ಹುಡುಗಿ, ನೋಡ್ತಾ ನಿಂತಿದ್ದೆ. ಹೋಗೋಳು ಮಾಟ ಮಾಡ್ಸಿ ಹೊಸ್ತಿಲ ಕೆಳಗೆ ಇಟ್ಟು ಹೋದ್ಲು. ಈ ಮನೇಲಿ ಹಾಲು ಉಕ್ಕಿಸಿ ಕುಡಿಯೋರಲ್ಲಿ ಎಲ್ರಿಗಿಂತ ಚಿಕ್ಕೋರು ಯಾರೋ, ಅವ್ರು ನನ್ ಮಗು ಅಂತ. ಆಮೇಲೆ ಮೂರು ಸಂಸಾರ ಬಂತು. ಮೂರು ಮಕ್ಕಳು ಹೀಗೇ ಒಣಗಿ ಹೋದ್ವು.”

“ಹೊಸ್ತಿಲು ಅಗೆದು ತೆಗೀಲಿಲ್ವಾ?”

“ಅಗೆದ್ರು. ಏನೂ ಸಿಗ್ಲಿಲ್ಲ.”

ಮಗು ಜಗಲಿಯಿಂದ ಇಳಿದು ಎದುರು ಬಾಗಿಲಿನತ್ತ ನಡೆಯತೊಡಗಿತ್ತು. ಮುತ್ಯಾಲಮ್ಮ ಅದನ್ನು ಬರಸೆಳೆದು ತೊಡೆಯ ಮೇಲೆ ಕೂರಿಸಿಕೊಂಡು ಗಟ್ಟಿಯಾಗಿ ಹಿಡಿದಳು. ಮಗು ಕೊಸರಾಡಿತು. ಆ ಕೊಸರಾಟದಲ್ಲಿ ಬಲವೇ ಇರಲಿಲ್ಲ.

“ಇನ್ನೊಂದ್ಸಲ ಉಕ್ಕಿಸಿದ್ರೆ ಬಿಡ್ತಾಳೆ ಅಂತಾರೆ,” ಎಂದಳು ಮುದುಕಿ. “ಮಗು ಕುಡೀಬಾರ್ದು. ಅದರ ಮನೆಯವ್ರೇ ಯಾರಾದ್ರೂ ಕುಡೀಬೇಕು. ಹೊರಗಿನೋರಿಗೆ ಆಗಲ್ಲ. ಆಗೋ ಹಾಗಿದ್ರೆ ನಾನೇ ಕುಡೀತಿದ್ದೆ ತಾಯಿ, ನನಗಿನ್ನೇನಿದೆ. ಆದ್ರೆ ಆಮೇಲೆ ಆ ಕುಡಿದೋರಿಗೆ ಏನಾಗತ್ತೋ ಗೊತ್ತಿಲ್ಲ. ಇದುವರೆಗೂ ದೊಡ್ಡೋರು ಯಾರೂ ಕುಡಿಯೋಕೆ ಒಪ್ಪಿಲ್ಲ.”

ಏನಾದೀತು? ರಕ್ತ ಇಳಿದೀತು, ದೇಹ ಸೊರಗೀತು. ಹೆಚ್ಚೆಂದರೆ ಸತ್ತೇನು. ಅಷ್ಟು ಲೆಕ್ಕ ಹಾಕಲು ಶಿವರಂಜಿನಿಗೆ ಕ್ಷಣವೂ ಬೇಕಾಗಲಿಲ್ಲ. ಸಂಜೆವರೆಗೆ ಗಂಡನಿಗಾಗಿ ಕಾಯೋಣವೇ ಎಂದು ಒಮ್ಮೆ ಅನ್ನಿಸಿತು. ಮಗುವಿನ ತುಟಿ ನೋಡಿದಳು, ಬೂದಿಯಂತಿತ್ತು. ಮೂಲೆಯ ಅಂಗಡಿಗೆ ಓಡಿ ಒಂದು ಪ್ಯಾಕೆಟ್ ಹಾಲು ತಂದಳು. ಧರ್ಮರಾಜು ಕೊಟ್ಟಿದ್ದ ಬೀಗದಕೈ ಇನ್ನೂ ಅವಳ ಚೀಲದಲ್ಲೇ ಇತ್ತು; ಬೀಗ ತೆಗೆದಳು.

ಕಟಕಟ ಸದ್ದು ನಿಂತಿತು.

ನಡುಹಗಲು. ಆದರೂ ಒಳಗೆ ಮಬ್ಬುಗತ್ತಲು. ಹರಳೆಣ್ಣೆಯ ಘಾಟು ಗಂಟಲಿಗೆ ಇಳಿಯಿತು. ಅಂದು ಹಾಗೇ ಬಿಟ್ಟುಹೋಗಿದ್ದ ಪಾತ್ರೆ, ಲೋಟಗಳನ್ನು ಯಾರೋ ಬೆಳಗಿ ಬೋರಲು ಹಾಕಿದ್ದರು. ನೆಲದ ಮೇಲೆ ಒಂದು ಚಿಕ್ಕ ಮಣೆ. ಮಣೆಯ ಮುಂದೆ ತಟ್ಟೆ. ತಟ್ಟೆಯಲ್ಲಿ ತುಪ್ಪ ಕಲಸಿದ ಅನ್ನ. ಅನ್ನ ಹಬೆಯಾಡುತ್ತಿತ್ತು.

ಒಲೆ ಹಚ್ಚಿದಳು. ಹಾಲು ಸುರಿದಳು.

ಹಿಂದೆ ಬಳೆಯ ಸದ್ದು.

ತಿರುಗಬಾರದು. ತಿರುಗಲಿಲ್ಲ. ಹಾಲಿನ ಮೇಲೆಯೇ ಕಣ್ಣಿಟ್ಟಳು. ಬಳೆ ಹತ್ತಿರ ಬಂತು. ನಿಂತಿತು. ಕತ್ತಿನ ಹಿಂದೆ ಉಸಿರು.

“ಮಗು ಎಲ್ಲಿ?”

ಮೆಲ್ಲನೆಯ ಧ್ವನಿ. ಸಿಟ್ಟಿರಲಿಲ್ಲ. ಕಾದು ಕಾದು ಸೋತ ಧ್ವನಿ.

“ಈ ಮನೇಲಿ ಬೇರೆ ಮಗು ಇಲ್ಲ,” ಎಂದಳು ಶಿವರಂಜಿನಿ. “ಇರೋಳು ನಾನೊಬ್ಳೇ. ನಾನೇ ಚಿಕ್ಕೋಳು.”

ಹಾಲು ಏರಿತು. ಅಂಚಿಗೆ ಬಂತು. ಉಕ್ಕಿತು. ಲೋಟಕ್ಕೆ ಬಗ್ಗಿಸಿಕೊಂಡಳು. ಕುಡಿದಳು. ತುಟಿ ಸುಟ್ಟಿತು, ನಾಲಿಗೆ ಸುಟ್ಟಿತು, ನಿಲ್ಲಿಸಲಿಲ್ಲ. ಲೋಟ ಖಾಲಿಯಾಯಿತು.

ತಲೆಯ ಮೇಲೆ ಒಂದು ಕೈ ಬಂತು.

ಕ್ಲಿಪ್ಪು ಬಿಚ್ಚಿತು. ಕೂದಲು ಬೆನ್ನಿಗೆ ಹರಡಿತು. ನೆತ್ತಿಗೆ ಬೆಚ್ಚನೆಯ ಎಣ್ಣೆ ಇಳಿಯಿತು. ಬೆರಳುಗಳು ಹೊಡೆಯಲಿಲ್ಲ, ಹಿಸುಕಲಿಲ್ಲ. ಸಿಕ್ಕು ಬಿಡಿಸುತ್ತಿದ್ದವು. ತನ್ನ ತಾಯಿ ತೀರಿಕೊಂಡ ಮೇಲೆ ಯಾರೂ ಅವಳ ತಲೆಯನ್ನು ಹೀಗೆ ಮುಟ್ಟಿರಲಿಲ್ಲ. ಮಣೆಯ ಮೇಲೆ ಕುಳಿತಳು. ಇಂಚರ, ಇಂಚರ ಎಂದು ಹಲ್ಲು ಕಚ್ಚಿ ಹೇಳಿಕೊಂಡಳು. ಒಂದು ಜಡೆ ಮುಗಿಯಿತು. ಇಂಚರ, ಎಂದಳು. ಅದು ಯಾರ ಹೆಸರು ಎಂದು ಒಮ್ಮೆ ಯೋಚಿಸಿದಳು. ಎರಡನೇ ಜಡೆ ಮುಗಿಯಿತು.

ಅವಳು ಹೊಸ್ತಿಲಿಗೆ ಬಂದಾಗ ಬೀದಿಯ ಬಿಸಿಲು ಕಣ್ಣು ಕುಕ್ಕಿತು. ಎದುರು ಜಗಲಿಯಿಂದ ಒಂದು ಬಡಕಲು ಮಗು ಮುದುಕಿಯ ಕೈ ಬಿಡಿಸಿಕೊಂಡು ಓಡಿಬಂತು. ಕೆನ್ನೆಗೆ ಬಣ್ಣ ಬಂದಿತ್ತು.

“ಅಮ್ಮಾ,” ಎಂದು ಅವಳ ಮಂಡಿಗಳನ್ನು ತಬ್ಬಿಕೊಂಡಿತು. “ಅಮ್ಮಾ, ಹೊಟ್ಟೆ ಹಸೀತಿದೆ.”

ಶಿವರಂಜಿನಿಗೆ ಅಯ್ಯೋ ಅನ್ನಿಸಿತು. ತಲೆ ನೇವರಿಸಿದಳು. ಎಷ್ಟು ದಿನದಿಂದ ಉಂಡಿಲ್ಲವೋ ಏನೋ, ಹೆಗಲ ಮೂಳೆ ಕೈಗೆ ಸಿಗುತ್ತಿತ್ತು. ಇಂಥ ಮಗುವನ್ನು ಬೀದಿಗೆ ಬಿಟ್ಟವರ ಮೇಲೆ ಅವಳಿಗೆ ಸಿಟ್ಟೂ ಬಂತು.

“ಅಜ್ಜಿ, ಯಾರ ಮಗು ಇದು?” ಎಂದು ಕೇಳಿದಳು. “ಪಾಪ, ಹಸಿದಿದೆ. ಇದರ ಅಮ್ಮ ಎಲ್ಲಿ?”

ಮುತ್ಯಾಲಮ್ಮ ಬಾಯಿಗೆ ಸೆರಗು ಒತ್ತಿಕೊಂಡಳು.

ಮಗು ಅಳತೊಡಗಿತ್ತು. ಶಿವರಂಜಿನಿ ಅದರ ಬೆರಳುಗಳನ್ನು ನೋವಾಗದ ಹಾಗೆ ಒಂದೊಂದಾಗಿ ಬಿಡಿಸಿದಳು. ಒಳಗೆ ಅವಳ ಊಟ ಆರುತ್ತಿತ್ತು, ದೊಡ್ಡಮ್ಮ ಕರೆಯುತ್ತಿದ್ದರು.