ಕೆಂಚಿಯ ಕಿನ್ನರಿ, ಮಿಣುಕನ ಹಲಗೆ

ನಿಮ್ಮ ಅಜ್ಜನ ಅಜ್ಜ ತೊಟ್ಟಿಲಲ್ಲಿ ಕಾಲಾಡಿಸುತ್ತಿದ್ದ ಕಾಲಕ್ಕೂ ಎಷ್ಟೋ ಮೊದಲು ಹೊಳೆಸಾಲು ಎಂಬ ರಾಜ್ಯವಿತ್ತು. ಅಲ್ಲಿ ಹುಲಿ ಮಾತಾಡುತ್ತಿತ್ತು, ಸೇತುವೆ ಸಿಟ್ಟಾಗುತ್ತಿತ್ತು, ಯಾರೂ ಅದಕ್ಕೆಲ್ಲ ಹುಬ್ಬೇರಿಸುತ್ತಿರಲಿಲ್ಲ. ಆ ರಾಜ್ಯದಲ್ಲಿ ಬುಟ್ಟಿ ಹೆಣೆಯುವವಳೊಬ್ಬಳಿಗೆ ಇಬ್ಬರು ಮಕ್ಕಳು. ದೊಡ್ಡವನು ಹೊಂಬಾಳ, ಚಿಕ್ಕವಳು ಕೆಂಚಿ.

ಹೊಂಬಾಳ ಆಟದಲ್ಲಿ ಪಂಟ. ಚೌಕಾಬಾರವಾಗಲಿ, ಚಿನ್ನಿದಾಂಡಾಗಲಿ, ಅವನನ್ನು ಸೋಲಿಸುವವರು ಆ ಕೇರಿಯಲ್ಲಿ ಹುಟ್ಟಿರಲಿಲ್ಲ. ಕೆಂಚಿಗೂ ಆಟವೆಂದರೆ ಪ್ರಾಣ, ಆದರೆ ಕೈಗೆ ಹತ್ತಬೇಕಲ್ಲ! ಓಡಿದರೆ ಮುಗ್ಗರಿಸುವಳು. ಕವಡೆ ಎಸೆದರೆ ಅದು ಹೋಗಿ ಬಚ್ಚಲಿಗೆ ಬೀಳುವುದು. ಕೇರಿಯಲ್ಲೊಂದು ಪದ್ಧತಿಯಿತ್ತು. ತೀರಾ ಚಿಕ್ಕವರು, ಆಟ ಬಾರದವರು ಅಳುತ್ತಾ ಬಂದರೆ, "ಬಾ, ಆಟಕ್ಕೆ ಸೇರು, ಲೆಕ್ಕಕ್ಕೆ ಬೇಡ" ಅನ್ನುತ್ತಿದ್ದರು. ಅಂಥವರು ಎಲ್ಲರ ಜೊತೆ ಓಡಬಹುದು. ಸಿಕ್ಕಿಬಿದ್ದರೂ ಸೋಲಲ್ಲ, ಗೆದ್ದರೂ ಗೆಲುವಲ್ಲ. ಮೂಗು ಸೋರುವ ಮಕ್ಕಳಿಗೆಂದು ಮಾಡಿದ ಈ ಏರ್ಪಾಡಿನಲ್ಲಿ ಕೆಂಚಿ ಹದಿನೈದು ತುಂಬಿದ ಮೇಲೂ ಇದ್ದಳು. ಪಾಪ, ಅವಳಿಗೆ ನಾಚಿಕೆಯಾಗಿ ತಲೆಯೆತ್ತಲು ಆಗುತ್ತಿರಲಿಲ್ಲ.

ಆದರೆ ತಂತಿ ಮುಟ್ಟಿದಳೋ, ಅದೇ ಕೈ ಬೇರೆ! ಒಲೆಯ ಮೇಲೆ ಸೋರೆಬುರುಡೆ ತೂಗುಹಾಕಿ ಒಣಗಿಸಿ, ಬಿದಿರು ಕೂರಿಸಿ, ತಂತಿ ಬಿಗಿದು ತಾನೇ ಒಂದು ಕಿನ್ನರಿ ಮಾಡಿಕೊಂಡಿದ್ದಳು. ಬೇಸಿಗೆ ಬಂದ ಕೂಡಲೆ ತೆಪ್ಪ ಕಟ್ಟಿ, ಹೊಳೆಯ ಜೊತೆ ಹೊಳೆಯಾಗಿ ಹೋಗಿ ಸಮುದ್ರ ನೋಡಿ ಬರಬೇಕೆಂದು ಅಣ್ಣತಂಗಿ ಚಳಿಗಾಲವೆಲ್ಲ ಹವಣಿಸಿದ್ದರು. ತೆಪ್ಪದ ಮೇಲೆ ನುಡಿಸುವುದಕ್ಕೆಂದೇ ಕೆಂಚಿ ಒಂದು ಧಾಟಿ ಕಟ್ಟಿದ್ದಳು. ಪ್ರತಿ ಸುತ್ತಿನ ಕೊನೆಗೆ ಅವಳು ತಂತಿ ಬಿಟ್ಟು ಸುಮ್ಮನಾಗಬೇಕು. ಆಗ ಹೊಂಬಾಳ ಹುಟ್ಟಿನ ಹಿಡಿಯಿಂದ ಬಿದಿರಿಗೆ ಧಡ್ ಧಡ್ ಎಂದು ಎರಡು ಪೆಟ್ಟು ಕೊಡಬೇಕು. ಅವನು ಕೊಡದಿದ್ದರೆ ಆ ಧಾಟಿ ಮುಗಿಯುತ್ತಿರಲಿಲ್ಲ.

ಹೀಗಿರುವಾಗ ಊರಿಗೆ ಮಿಣುಕನೆಂಬ ಮಾಂತ್ರಿಕ ಬಂದ. ಆಟ ಬಾರದ ಕೆಂಚಿಯೊಬ್ಬಳನ್ನು ಬಿಟ್ಟು ಹರೆಯದವರಿಗೆಲ್ಲ ಒಂದೊಂದು ಗಾಜಿನ ಹಲಗೆ ಹಂಚಿದ. ಹಲಗೆಯೊಳಗೆ ಬೆಳಕು, ಬೆಳಕಿನೊಳಗೆ ಹುಲಿ, ಕೋಟೆ, ಸೇತುವೆ. ಬೆರಳಿಟ್ಟರೆ ಹೆಬ್ಬೆರಳುದ್ದದ ವೀರನೊಬ್ಬ ಓಡುತ್ತಿದ್ದ. ಗೆದ್ದರೆ ಹಲಗೆ "ಇನ್ನೊಂದೇ ಆಟ" ಎನ್ನುತ್ತಿತ್ತು. ಸೋತರೂ ಅದನ್ನೇ ಎನ್ನುತ್ತಿತ್ತು.

ತೆಪ್ಪಕ್ಕೆ ಬಿದಿರು ಕಡಿದು ತಂದದ್ದಾಯಿತು, ಹಗ್ಗ ಹೊಸೆದದ್ದಾಯಿತು. ಹೊಂಬಾಳನ ಪತ್ತೆಯಿಲ್ಲ.

"ಅಣ್ಣಾ, ಬಿಸಿಲೇರ್ತು, ಏಳೋ!"

"ಬಂದೆ ಕಣೇ. ಇನ್ನೊಂದೇ ಆಟ."

ಕೆಂಚಿ ಹಗ್ಗ ತಂದಿಟ್ಟು ತಿರುಗಿ ನೋಡುತ್ತಾಳೆ, ಚಾಪೆಯ ಮೇಲೆ ಹಲಗೆ ಮಾತ್ರ ಇದೆ! ಹಲಗೆಯೊಳಗೆ ಹೆಬ್ಬೆರಳುದ್ದದ ಹೊಂಬಾಳ ಓಡುತ್ತಿದ್ದಾನೆ. ಅವಳು ಕೂಗಿದಾಗ ತಲೆಯೆತ್ತಿ ನೋಡಿದ. ಅಷ್ಟರಲ್ಲಿ ಗಾಜಿನ ಹುಲಿ ಅವನನ್ನು ನುಂಗಿತು. ಮತ್ತೆ ಮೊದಲಿನಿಂದ ಎದ್ದು ಓಡಿದ. ಅವಳು ಮತ್ತೆ ಕೂಗಿದಳು. ಈ ಸಲ ಯಾರದೋ ದನಿಯೆಂಬಂತೆ ಸುಮ್ಮನೆ ಹೋದ.

ಅವ್ವ ಎದೆ ಎದೆ ಬಡಿದುಕೊಂಡಳು. "ಅಯ್ಯೋ ಮಗಳೇ, ಪಕ್ಕದ ಊರಲ್ಲೂ ಹಿಂಗೇ ಆಯ್ತಂತೆ. ಬಿದ್ದಾಗಲೆಲ್ಲ ಒಂದೊಂದು ನೆನಪು ಉದುರಿ ಹೋಗ್ತದಂತೆ. ಮುಂಗಾರಿನ ಮೊದಲ ಹನಿ ಬಿದ್ದರೆ ಹಲಗೆಗೆ ಬೀಗ ಬೀಳ್ತದೆ, ಆಮೇಲೆ ಅವನು ನಮ್ಮವನಲ್ಲ."

"ಅವನನ್ನ ಕರ್ಕೊಂಡೇ ಬರ್ತೀನಿ ಅವ್ವಾ," ಎಂದಳು ಕೆಂಚಿ. ಕಿನ್ನರಿ ಬೆನ್ನಿಗೇರಿಸಿ, ಹಲಗೆಯನ್ನು ಸೆರಗಿನಲ್ಲಿ ಕಟ್ಟಿಕೊಂಡು ಹೊರಟಳು. ಬೆಟ್ಟದ ಮೇಲಿನ ಮಿಣುಕನ ಕೋಟೆ ಮುಟ್ಟುವ ಹೊತ್ತಿಗೆ ಬೇಸಿಗೆ ಮುಗಿಯುತ್ತಾ ಬಂದಿತ್ತು, ಪಡುವಲಲ್ಲಿ ಮೋಡ ಕಟ್ಟುತ್ತಿತ್ತು.

ಮಿಣುಕ ಅವಳನ್ನು ನೋಡಿ ಹೊಟ್ಟೆ ಹಿಡಿದುಕೊಂಡು ನಕ್ಕ. "ಓಹೋ, ಕವಡೆಯನ್ನ ಬಚ್ಚಲಿಗೆ ಎಸೆಯೋಳು! ಅಣ್ಣನ್ನ ಬಿಡಿಸ್ಕೊಂಡು ಹೋಗೋಕೆ ಬಂದೆಯಾ? ಕೇಳು. ಅವನು ತಾನಾಗಿ 'ಸಾಕು' ಅಂದರೆ ಈ ಮಾಯೆಯೆಲ್ಲ ಒಡೆದುಹೋಗ್ತದೆ. ಇಲ್ಲೀತನಕ ಯಾವ ನರಪಿಳ್ಳೆಯೂ ಅಂದಿಲ್ಲ."

ಕೆಂಚಿಗೆ ಕಡುಸಿಟ್ಟು ಬಂತು. ಆದರೂ ಕೈ ಮುಗಿದಳು. "ಸ್ವಾಮಿ, ನನ್ನನ್ನೂ ಒಳಗೆ ಬಿಡಿ. ನಮ್ಮ ಕೇರಿಯಲ್ಲಿ ನನ್ನನ್ನ ಬರೀ ಆಟಕ್ಕೆ ಸೇರಿಸ್ಕೊಳ್ತಾರೆ, ಲೆಕ್ಕಕ್ಕೆ ಹಿಡಿಯಲ್ಲ. ನೀವೂ ಹಾಗೇ ಮಾಡಿ."

"ನಿನ್ನನ್ನ ಲೆಕ್ಕಕ್ಕೆ ಯಾವನು ಹಿಡೀತಾನೆ, ಹೋಗು!" ಎಂದು ಬೆರಳಾಡಿಸಿದ. ಆ ಮಾತನ್ನು ನುಂಗಿಕೊಂಡಿದ್ದರೆ ಅವನಿಗೇ ಒಳ್ಳೆಯದಿತ್ತು.

ಹಲಗೆಯೊಳಗೆ ಕಾಲಿಟ್ಟದ್ದೇ ತಡ, ಗಾಜಿನ ಹುಲಿ ಹಾರಿ ಕೆಂಚಿಯನ್ನು ಗುಳುಂ ಎಂದು ನುಂಗಿತು. ನುಂಗಿ ಮುಖ ಹುಳ್ಳಗೆ ಮಾಡಿಕೊಂಡು ಆಚೆ ಬದಿಗೆ ಉಗುಳಿತು. "ಥೂ! ಲೆಕ್ಕಕ್ಕೇ ಇಲ್ಲದ ಊಟ! ಹೊಟ್ಟೆಗೆ ಹತ್ತಲಿಲ್ಲ," ಎಂದಿತು. ಕೆಂಚಿ ಕಿನ್ನರಿಯ ಮೇಲಿನ ಜೊಲ್ಲು ಒರೆಸಿಕೊಂಡು ಮುಂದೆ ನಡೆದಳು. ಒಂದು ನೆನಪೂ ಉದುರಿರಲಿಲ್ಲ.

ಎರಡನೆಯದು ಸಿಟ್ಟಿನ ಸೇತುವೆ. ಕಾಲಿಟ್ಟರೆ ಸಾಕು, ಅದರ ಮರದ ಹಲಗೆಗಳು ಒಂದಾದ ಮೇಲೊಂದು ಒದೆಯುತ್ತಿದ್ದವು. ಕೆಂಚಿ ಬಿದ್ದಳು. ಬಿದ್ದವಳು ಇದ್ದ ದಡದಲ್ಲೇ ಎದ್ದಳು. ಮತ್ತೆ ಹೋದಳು, ಮತ್ತೆ ಬಿದ್ದಳು. ಮೊಣಕಾಲು ತರಚಿತು, ಕಣ್ಣಲ್ಲಿ ನೀರು ಬಂತು.

"ಮನೆಗೆ ಹೋಗಮ್ಮ, ನಿನ್ನ ಕೈಲಾಗಲ್ಲ," ಎಂದು ಸೇತುವೆ ಗದರಿತು.

"ಆಗೋವರೆಗೂ ಬೀಳ್ತೀನಿ. ನಿನಗೇ ಬೇಜಾರಾಗಬೇಕು," ಎಂದಳು ಕೆಂಚಿ.

ಬೀಳುತ್ತಾ ಬೀಳುತ್ತಾ ಅವಳ ಕಿವಿ ಚುರುಕಾಯಿತು. ಹಲಗೆಗಳು ಮನಸ್ಸಿಗೆ ಬಂದಂತೆ ಒದೆಯುತ್ತಿರಲಿಲ್ಲ. ಒದೆತಕ್ಕೊಂದು ತಾಳವಿತ್ತು. ಅವಳು ಕಣ್ಣು ಮುಚ್ಚಿ, ಆ ತಾಳಕ್ಕೆ ತಂತಿ ಮೀಟುತ್ತಾ, ಮೀಟಿದಲ್ಲಿ ಹೆಜ್ಜೆಯಿಟ್ಟು ದಾಟಿಬಿಟ್ಟಳು. ಸೇತುವೆ ಸಿಟ್ಟು ಮರೆತು, "ಇನ್ನೊಮ್ಮೆ ನುಡಿಸೇ" ಎಂದು ಗೋಗರೆಯಿತು.

ಮೂರನೆಯದು ಬಾಗಿಲು. ಹೊಂಬಾಳ ಅಲ್ಲೇ ನಿಂತಿದ್ದ. ಬಲಕ್ಕೆ ಹೊಸ ಆಟದ ಬಾಗಿಲು, ಚಿನ್ನದಂತೆ ಜಗಜಗ. ಎಡಕ್ಕೆ ಮನೆಯ ಬಾಗಿಲು, ಬಣ್ಣ ಹೋದ ಮರ. ಅವನ ಕೈ ಬಲಗಡೆಗೆ ಚಾಚಿತ್ತು.

"ಅಣ್ಣಾ!" ಎಂದು ಓಡಿ ಅವನ ತೋಳು ಹಿಡಿದಳು. ಅವಳ ಕೈ ಹೊಗೆಯೊಳಗೆ ಹೋದಂತೆ ಅವನೊಳಗೆ ಹಾದುಹೋಯಿತು. ಹಲಗೆಯಾಚೆಯಿಂದ ಮಿಣುಕ ಕೇಕೆ ಹಾಕಿದ. "ಲೆಕ್ಕಕ್ಕಿಲ್ಲದೋಳು ಲೆಕ್ಕದಲ್ಲಿರೋನನ್ನ ಮುಟ್ಟೋ ಹಾಗಿಲ್ಲ! ನೀನೇ ಕೇಳಿಕೊಂಡದ್ದು!"

ಹೊಂಬಾಳ ಅವಳತ್ತ ನೋಡಿದ. "ಯಾರಮ್ಮ ನೀನು? ದಾರಿ ಬಿಡು. ಇನ್ನೊಂದೇ ಆಟ ಇದೆ."

ಯಾರಮ್ಮ ನೀನು! ಜೊತೆಗೆ ಬೆಳೆದವನ ಬಾಯಲ್ಲಿ ಆ ಮಾತು! ಹೊರಗೆ ಗುಡುಗಿತು. ಬೈಯಲಿಲ್ಲ ಕೆಂಚಿ, ಬೇಡಲೂ ಇಲ್ಲ. ನೆಲದ ಮೇಲೆ ಕೂತು ತೆಪ್ಪದ ಧಾಟಿ ಹಿಡಿದಳು. ಸುತ್ತಿನ ಕೊನೆಗೆ ತಂತಿ ಬಿಟ್ಟು ಸುಮ್ಮನಾದಳು.

ಏನೂ ಆಗಲಿಲ್ಲ. ಎರಡನೆಯ ಸುತ್ತು ನುಡಿಸಿದಳು, ಸುಮ್ಮನಾದಳು. ಹೊಂಬಾಳ ಬಾಗಿಲ ಮೇಲೆ ಕೈಯಿಟ್ಟವನು ತಿರುಗಿದ.

"ಏನಿದು, ಅರ್ಧಕ್ಕೇ ನಿಲ್ಲಿಸ್ತೀಯ? ಪೂರ್ತಿ ನುಡಿಸಬಾರದಾ?" ಎಂದು ರೇಗಿದ.

"ಮಿಕ್ಕಿದ್ದು ನನ್ನದಲ್ಲ," ಎಂದಳು ಕೆಂಚಿ. ಮೂರನೆಯ ಸುತ್ತು ನುಡಿಸಿದಳು. ತಂತಿ ಬಿಟ್ಟಳು.

ಆ ಮೌನವನ್ನು ಹೊಂಬಾಳನಿಂದ ತಡೆದುಕೊಳ್ಳಲಾಗಲಿಲ್ಲ. ಅವನಿಗೇ ತಿಳಿಯದಂತೆ ಅವನ ಮುಷ್ಟಿ ಚಿನ್ನದ ಬಾಗಿಲಿಗೆ ಬಡಿಯಿತು, ಧಡ್ ಧಡ್. ಬಡಿದವನು ತನ್ನ ಕೈಯನ್ನೇ ನೋಡಿಕೊಂಡ. ಹುಟ್ಟು, ಬಿದಿರು, ಹೊಳೆ, ಅವ್ವ, ಎಲ್ಲ ಒಂದೊಂದಾಗಿ ತಿರುಗಿ ಬಂದವು.

"ಲೇ ಕೆಂಚಿ! ಬೇಸಿಗೆ ಮುಗಿದುಹೋಯ್ತೇನೇ?"

"ಇನ್ನೂ ಚೂರು ಇದೆ ಅಣ್ಣ. ಇನ್ನೂ ಆಡ್ತೀಯೋ, ಮನೆಗೆ ಬರ್ತೀಯೋ, ಬೇಗ ಹೇಳು!"

ಬಾಗಿಲು ಜೇನಿನಂಥ ದನಿಯಲ್ಲಿ "ಇನ್ನೊಂದೇ ಆಟ" ಎಂದಿತು. ಹೊಂಬಾಳನಿಗೆ ಆಸೆಯಾಗಲಿಲ್ಲವೆಂದರೆ ಸುಳ್ಳಾದೀತು. ಹಲ್ಲು ಕಚ್ಚಿ, ಅದಕ್ಕೆ ಬೆನ್ನು ಮಾಡಿ, "ಸಾಕು!" ಎಂದ.

ಹಲಗೆ ಚಟಾರೆಂದು ಒಡೆದು, ಅಣ್ಣತಂಗಿ ಮನೆಯ ಬಾಗಿಲಿನಿಂದ ನೇರ ಅವ್ವನ ಅಂಗಳಕ್ಕೆ ಬಂದು ಬಿದ್ದರು. ಆ ಹಲಗೆಯ ಜೊತೆಗೇ ರಾಜ್ಯದ ಹಲಗೆಗಳೆಲ್ಲ ಒಡೆದವು. ಕಣ್ಣುಜ್ಜಿಕೊಳ್ಳುತ್ತಾ ಹರೆಯದವರೆಲ್ಲ ಹೊರಬಿದ್ದರು, "ಹಸಿವು, ಹಸಿವು" ಎಂದು ಒಂದೇ ಗಲಾಟೆ. ಮಾಯೆ ಸೋರಿಹೋದ ಮಿಣುಕ ಬರೀ ಬೋಳುತಲೆಯ ಮುದುಕನಾಗಿ ಉಳಿದ. ಹೋಗಲು ಜಾಗವಿಲ್ಲದೆ ಅವರ ಬೆನ್ನಿಗೇ ಕೇರಿಗೆ ಬಂದು, ಚೌಕಾಬಾರ ಆಡುವ ಮಕ್ಕಳ ಮುಂದೆ ಕೈ ಹಿಸುಕುತ್ತಾ ನಿಂತ. ಮಕ್ಕಳು ಮುಖ ಮುಖ ನೋಡಿಕೊಂಡರು.

"ಬಾ ತಾತ, ಆಟಕ್ಕೆ ಸೇರು," ಎಂದರು. "ಲೆಕ್ಕಕ್ಕೆ ಮಾತ್ರ ಬೇಡ."

ಮಾರನೆಯ ಬೆಳಿಗ್ಗೆ ತೆಪ್ಪ ಹೊಳೆಗಿಳಿಯಿತು. ದಡದ ಗೆಳೆಯರು, "ಕೆಂಚಿ, ವಾಪಸ್ ಬಂದಮೇಲೆ ನಿನ್ನನ್ನ ಲೆಕ್ಕಕ್ಕೇ ಹಿಡೀತೀವಿ ಕಣೇ!" ಎಂದು ಕೂಗಿದರು.

"ಬೇಡ್ರಪ್ಪಾ, ನನಗೆ ಹೀಗೇ ಚೆನ್ನಾಗಿದೆ!" ಎಂದು ನಕ್ಕಳು.

ಸಮುದ್ರದ ಬಾಯಿಗೆ ಬರುವಾಗ ಮುಂಗಾರಿನ ಮೊದಲ ಹನಿ ಕಿನ್ನರಿಯ ಬುರುಡೆಯ ಮೇಲೆ ಬಿತ್ತು. ಕೆಂಚಿ ಸುತ್ತು ಮುಗಿಸಿ ತಂತಿ ಬಿಟ್ಟಳು, ಅಣ್ಣನ ಕಡೆ ನೋಡಲೂ ಇಲ್ಲ. ಧಡ್ ಧಡ್ ಎಂದು ಎರಡು ಪೆಟ್ಟು ಬಿದ್ದವು. ಅವರು ಅಲ್ಲಿ ಸುಖವಾಗಿದ್ದರು, ಕತೆ ಕೇಳಿದ ನೀವು ಇಲ್ಲಿ ಸುಖವಾಗಿರಿ.