ಕೆಂಪರಾಜು ಹೆಸರಿನ ಸಿಮ್ಮು

ಒಂದು ವರ್ಷದಿಂದ ಮಾತು ಬಿಟ್ಟಿರೋ ಗಂಡಸಿನ ಮುಂದೆ ಹೋಗಿ ನಿಂತು, "ನಿನ್ನ ಹೆಬ್ಬೆಟ್ಟು ಬೇಕು" ಅಂತ ಕೇಳೋದು ಹೇಗೆ? ನನಗೂ ಗೊತ್ತಿರಲಿಲ್ಲ. ಆದರೂ ಹೋದೆ.

ಹನಕೆರೆ ಸ್ಟೇಷನ್ನಿಗೆ ಹೋಗೋ ದಾರಿಯಲ್ಲೇ ಕೆಂಪರಾಜುವಿನ ಆಲೆಮನೆ. ದಿನಾ ಬೆಳಿಗ್ಗೆ ಮದ್ದೂರಿನ ರೈಲು ಹಿಡಿಯೋಕೆ ನಾನು ಅದರ ಮುಂದೇನೇ ಹಾದು ಹೋಗಬೇಕು. ಆ ಜಾಗ ಬಂದ ಕೂಡಲೇ ಮುಖ ಎಡಕ್ಕೆ ತಿರುಗಿಸಿಕೊಂಡು ನಡೆದೂ ನಡೆದೂ, ಎಡಗಡೆ ಗದ್ದೆಯಲ್ಲಿ ಯಾವಾಗ ನಾಟಿ ಆಯ್ತು, ಯಾವಾಗ ಕಟಾವಾಯ್ತು ಅನ್ನೋದು ಗದ್ದೆಯವರಿಗಿಂತ ನನಗೇ ಚೆನ್ನಾಗಿ ಗೊತ್ತು. ಅವತ್ತು ಬಲಕ್ಕೆ ತಿರುಗಿದೆ.

ಅವನು ಕೊಪ್ಪರಿಗೆ ಪಕ್ಕ ನಿಂತು ಕುದಿಯೋ ಕಬ್ಬಿನ ಹಾಲಿನ ಕೊಳೆ ತೆಗೀತಿದ್ದ. ತಲೆಗೆ ಟವೆಲ್ಲು, ಮೈಯೆಲ್ಲ ಬೆವರು. ನನ್ನ ನೋಡಿದ್ದೇ ಕೈ ನಿಂತುಹೋಯ್ತು.

"ಏನಮ್ಮಿ?" ಅಂದ. ವರ್ಷ ಆದಮೇಲೆ ಮೊದಲನೇ ಮಾತು, ಅದೂ ಒಂದೇ ಪದ.

"ನಿನ್ನ ಹೆಬ್ಬೆಟ್ಟು ಬೇಕು."

ಅವನು ತನ್ನ ಎರಡೂ ಕೈ ನೋಡಿಕೊಂಡ. "ಯಾವ ಕೈದು?"

ನೋಡಿ, ಇದಕ್ಕೇ ನನಗೆ ಅವನ ಮೇಲೆ ಸಿಟ್ಟು. ಯಾಕೆ ಅಂತ ಕೇಳಲ್ಲ. ಕೇಳಿದ್ದನ್ನ ಕೊಟ್ಟುಬಿಡ್ತಾನೆ.

ಮೊದಲು ವಿಷಯ ಹೇಳಿಬಿಡ್ತೀನಿ, ಇಲ್ಲಾಂದ್ರೆ ನಾನೇನೋ ಅವನ ಜಮೀನು ಬರೆಸಿಕೊಳ್ಳೋಕೆ ಹೋಗಿದ್ದೆ ಅಂದುಕೊಳ್ತೀರ. ನಾನು ಬಿಂದುಶ್ರೀ. ಮದ್ದೂರಿನ ಒಂದು ಕಣ್ಣಿನ ಕ್ಲಿನಿಕ್ಕಲ್ಲಿ ಬಂದವರಿಗೆ ಚೀಟಿ ಬರೆದು ಕೂರಿಸೋದು ನನ್ನ ಕೆಲಸ. ನನ್ನ ಮೊಬೈಲಿನ ರೀಚಾರ್ಜು ಏರ್ತಾನೇ ಹೋಗಿತ್ತು. ದಿನಕ್ಕೆ ಎರಡು ಜಿಬಿ ಕೊಡ್ತಾರೆ. ನಾನು ವಾಟ್ಸಾಪ್ ನೋಡಿ, ನಾಲ್ಕು ರೀಲ್ಸ್ ನೋಡಿ ಮಲಗೋಳು. ಕ್ಲಿನಿಕ್ಕಲ್ಲಿ ವೈಫೈ ಇದೆ. ಉಳಿದ ಜಿಬಿ ಎಲ್ಲ ದಿನಾ ನೀರು ಪಾಲು.

"ನಿನಗೆ ಆ ಪ್ಲಾನ್ ಯಾಕೇ?" ಅಂದಳು ಜೊತೇಲಿ ಕೆಲಸ ಮಾಡೋ ಕವಿತ. "ಬೇರೆ ಕಂಪನಿಗೆ ಪೋರ್ಟ್ ಮಾಡ್ಸು. ನಂಬರ್ ಅದೇ ಇರುತ್ತೆ, ಸಿಮ್ ಮಾತ್ರ ಬೇರೆ. ಕಾಲ್ ಎಲ್ಲ ಫ್ರೀ, ಡೇಟಾ ಕಮ್ಮಿ, ದಿನ ಜಾಸ್ತಿ."

ಊಟದ ಹೊತ್ತಲ್ಲಿ ಇಬ್ಬರೂ ಕೂತು ಎಲ್ಲಾ ಕಂಪನಿಯ ಪ್ಲಾನು ಜಾಲಾಡಿದೆವು. ನಮ್ಮೂರಲ್ಲಿ ಯಾವುದಕ್ಕೆ ಸಿಗ್ನಲ್ ಬರುತ್ತೆ ಅಂತ ಪಕ್ಕದ ಮನೆ ಫೋನಿಗೆ ಮಾಡಿ, ಅಮ್ಮನ ಕೈಲಿ ಅಕ್ಕಪಕ್ಕದವರನ್ನೂ ಕೇಳಿಸಿದೆ. ಒಂದು ಪ್ಲಾನು ಒಪ್ಪಿಗೆ ಆಯ್ತು. ಪೋರ್ಟ್ ಅಂತ ಮೆಸೇಜ್ ಹಾಕಿದೆ, ಕೋಡ್ ಬಂತು. ನಾಲ್ಕು ದಿನದ ಮೇಲೆ ಆ ಕೋಡು ನಡೆಯಲ್ಲ.

ಸಂಜೆ ಮದ್ದೂರು ಸ್ಟೇಷನ್ ಹತ್ರ ಹೊನ್ನಯ್ಯನವರ ಮೊಬೈಲ್ ಅಂಗಡಿಗೆ ಹೋಗಿ ಜಂಬದಿಂದ ಆಧಾರ್ ಕಾರ್ಡ್ ಇಟ್ಟೆ.

"ಹಳೇ ಸಿಮ್ಮು ಯಾರ ಹೆಸರಲ್ಲೈತೆ ತಾಯಿ?" ಅಂದರು ಹೊನ್ನಯ್ಯ.

"ನನ್ನ..." ಅಂದವಳಿಗೆ ಆಗ ನೆನಪಾಯ್ತು.

ನಾನು ಮಂಡ್ಯದ ಕಾಲೇಜು ಸೇರಿದಾಗ ನನಗೆ ಹದಿನೆಂಟು ಆಗಿರಲಿಲ್ಲ. ಅಪ್ಪನ ಆಧಾರಲ್ಲಿ ಹೆಸರು ತಪ್ಪಾಗಿತ್ತು. ಆಗ ಕೆಂಪರಾಜುವೇ ತನ್ನ ಕಾರ್ಡ್ ಕೊಟ್ಟು ಎರಡು ಸಿಮ್ ತಂದಿದ್ದ, ಒಂದು ಅವನಿಗೆ, ಒಂದು ನನಗೆ. ಎರಡೂ ನಂಬರಿಗೆ ಕೊನೇ ಅಂಕಿ ಒಂದೇ ವ್ಯತ್ಯಾಸ. ಅವನದು ಏಳು, ನನ್ನದು ಎಂಟು. "ಅಕ್ಕಪಕ್ಕ ಇರ್ಲಿ ಬುಡು" ಅಂದಿದ್ದ.

"ಅಂಗಾದ್ರೆ ಅವ್ರೇ ಬಂದು ಹೆಬ್ಬೆಟ್ಟು ಒತ್ಬೇಕು ಕಣಮ್ಮ," ಅಂದರು ಹೊನ್ನಯ್ಯ. "ಇಲ್ಲಾಂದ್ರೆ ಈ ನಂಬರ್ ಬುಟ್ಟಾಕು. ಹೊಸ ನಂಬರ್ ತಗೋ, ನಿನ್ನ ಆಧಾರ್ ಸಾಕು, ಐದೇ ನಿಮಿಷ."

"ಬ್ಯಾಂಕಿಗೆ ಇದೇ ನಂಬರ್ ಕೊಟ್ಟಿದೀನಿ."

"ಬ್ಯಾಂಕಲ್ಲಿ ಬದ್ಲಾಯಿಸ್ಬೋದಲ್ಲ."

"ಗ್ಯಾಸಿಗೂ ಇದೇ."

"ಅದ್ನೂ ಬದ್ಲಾಯಿಸ್ಬೋದು."

"ನನಗೆ ಇದೇ ಬೇಕು, ನಿಮಗೇನು ಸ್ವಾಮಿ ಕಷ್ಟ?" ಅಂದೆ. ಹೊನ್ನಯ್ಯ ಕನ್ನಡಕದ ಮೇಲಿಂದ ನನ್ನನ್ನೊಂದು ಸಲ ನೋಡಿದರು.

ಕೆಂಪರಾಜು ನಮ್ಮಮ್ಮನ ಕಡೆಯ ದೂರದ ನೆಂಟ. ವರಸೆಯಲ್ಲಿ ನನಗೆ ಬಾವ ಆಗಬೇಕು. ಚಿಕ್ಕವಳಿದ್ದಾಗಿಂದ ಬಾವ ಅಂತಲೇ ಕರೆದಿದ್ದು. ದೊಡ್ಡವಳಾದಮೇಲೆ ಆ ಪದ ಬಾಯಿಗೆ ಬಂದಾಗೆಲ್ಲ ಒಳಗೆ ಏನೋ ಆಗೋದು. ಅವನೂ ಅದನ್ನ ಕೇಳಿದಾಗೆಲ್ಲ ತಲೆ ಬಗ್ಗಿಸಿ ನಗೋನು. ಇನ್ನೇನು, ಇವತ್ತಲ್ಲ ನಾಳೆ ಅಮ್ಮನ ಹತ್ರ ಮಾತಾಡ್ತಾನೆ ಅಂತ ನಾನು ಕಾದೆ. ಕಳೆದ ವರ್ಷ ಮಳವಳ್ಳಿಯಿಂದ ನನಗೊಂದು ಸಂಬಂಧ ಬಂತು. ಹುಡುಗನ್ನ ವಿಚಾರಿಸಿಕೊಂಡು ಬಾ ಅಂತ ಅಮ್ಮ ಕಳಿಸಿದ್ದು ಇದೇ ಕೆಂಪರಾಜುವನ್ನ. ಹೋಗಿ ಬಂದು ನಮ್ಮ ಜಗುಲಿಯಲ್ಲಿ ಕೂತು, "ಹುಡ್ಗ ಚಿನ್ನದಂತೋನು ಅತ್ತೆ, ಕಣ್ಣು ಮುಚ್ಕೊಂಡು ಕೊಡ್ಬೋದು" ಅಂದ. ನಾನು ಒಳಗೆ ಅಕ್ಕಿ ಆರಿಸ್ತಿದ್ದೆ. ಮೊರ ಎತ್ತಿ ಅವನ ತಲೆ ಮೇಲೆ ಹಾಕಬೇಕು ಅನ್ನಿಸಿತ್ತು. ಆ ಹುಡುಗನ್ನ ಬೇಡ ಅಂದೆ, ಇವನ ಜೊತೆ ಮಾತೂ ಬಿಟ್ಟೆ.

ಆದರೆ ಸುದ್ದಿ ಬಿಡಲಿಲ್ಲ. ಅವನ ಹತ್ರ ಬೆಲ್ಲ ಕೊಳ್ಳೋ ಸಾಹುಕಾರರು ಏಳಕ್ಕೆ ಬದಲು ಎಂಟು ಒತ್ತಿ ನನಗೆ ಫೋನ್ ಮಾಡೋರು. ಮೊದಲು ರೇಗ್ತಿದ್ದೆ. ಆಮೇಲೆ ಕಾಯೋಕೆ ಶುರು ಮಾಡಿದೆ. ಅವನು ಎಷ್ಟು ಬೆಲ್ಲ ತೆಗೆದ, ಯಾವಾಗ ಜ್ವರ ಬಂದು ಮಲಗಿದ, ಎಲ್ಲ ನನಗೆ ರಾಂಗ್ ನಂಬರಲ್ಲೇ ತಿಳೀತಿತ್ತು. ಅದರಲ್ಲಿ ಒಂದು ಫೋನಿನ ವಿಷಯ ಮಾತ್ರ ಈಗ ಬೇಡ, ಆಮೇಲೆ ಹೇಳ್ತೀನಿ. ನಾಚಿಕೆ ಆಗುತ್ತೆ.

ಈಗ ಮತ್ತೆ ಮಳವಳ್ಳಿಯಿಂದಲೇ ಇನ್ನೊಂದು ಸಂಬಂಧ. ಭಾನುವಾರ ಹೆಣ್ಣು ನೋಡೋಕೆ ಬರ್ತಾರೆ. ವಿಚಾರಿಸೋಕೆ ಅಮ್ಮ ಮತ್ತೆ ಕಳಿಸಿದ್ದು ಯಾರನ್ನ ಹೇಳಿ? ನಾನು ಮನಸ್ಸಲ್ಲೇ ಗಟ್ಟಿ ಮಾಡಿಕೊಂಡೆ: ಅಂಗಡಿಯಲ್ಲಿ ಇವನು ಒಂದು ಮಾತೂ ಆಡದೆ ಹೆಬ್ಬೆಟ್ಟು ಒತ್ತಿ ಎದ್ದು ಹೋದರೆ, ಭಾನುವಾರ ಬರೋ ಹುಡುಗನಿಗೆ ನಾನು ಹೂಂ ಅಂತೀನಿ.

ಆಲೆಮನೆಯಲ್ಲಿ ಹೆಬ್ಬೆಟ್ಟು ಕೇಳಿದ ಮಾರನೇ ದಿನ ಸಂಜೆ ಕೆಂಪರಾಜು ಹೊನ್ನಯ್ಯನವರ ಅಂಗಡಿಗೆ ಬಂದ. ಇಸ್ತ್ರಿ ಮಾಡಿದ ಬಿಳಿ ಶರ್ಟು, ನೀರು ಹಾಕಿ ಬಾಚಿದ ಕ್ರಾಪು. ಸಿಮ್ಮಿಗೆ ಹೆಬ್ಬೆಟ್ಟು ಒತ್ತೋಕೆ ಇಷ್ಟೊಂದು ಸಿಂಗಾರ ಯಾಕೋ! ಮೈಯಿಂದ ಸೋಪಿನ ವಾಸನೆ, ಅದರ ಕೆಳಗೆ ಬೆಲ್ಲದ ಹೊಗೆ ವಾಸನೆ. ಆ ಎರಡನೇದು ಬಂದಿದ್ದೇ ನನ್ನ ಸಿಟ್ಟು ಅರ್ಧ ಕರಗಿಹೋಯ್ತು. ಥೂ, ನನ್ನ ಬುದ್ಧಿಗಿಷ್ಟು!

"ಒತ್ತಪ್ಪ," ಅಂದರು ಹೊನ್ನಯ್ಯ, ಹೆಬ್ಬೆಟ್ಟಿನ ಮೆಷಿನ್ನು ಮುಂದಿಟ್ಟು. ಒತ್ತಿದ. ಕೆಂಪು ದೀಪ ಬಂತು.

"ಇನ್ನೊಂದ್ಸಲ." ಮತ್ತೆ ಕೆಂಪು.

"ಏನಪ್ಪ ನಿನ್ನ ಬೆರಳಲ್ಲಿ ಗೆರೇನೇ ಇಲ್ವಲ್ಲ?"

"ಬಿಸಿ ಬೆಲ್ಲ ಮುಟ್ಟಿ ಮುಟ್ಟಿ ಸವ್ದೋಗೈತೆ ಸಾರ್."

"ಯಾವ್ದಾದ್ರೂ ಒದ್ದೆ ಬಟ್ಟೇಲಿ ಚೆನ್ನಾಗಿ ಒರ್ಸು."

ಅವನು ಬಿಳಿ ಶರ್ಟಿನ ತುದಿಗೇ ಒರೆಸೋಕೆ ಹೋದ. "ಕೊಡಿಲ್ಲಿ," ಅಂತ ನನ್ನ ಕರ್ಚೀಫಿಗೆ ಬಾಟಲಿ ನೀರು ಹಾಕಿ, ಅವನ ಕೈ ಎಳೆದುಕೊಂಡೆ. ಹೆಬ್ಬೆಟ್ಟಿನ ತುದಿ ನುಣ್ಣಗೆ, ಅಂಗೈ ಮಾತ್ರ ಒರಟು. ಒರೆಸಿದೆ. ಒರೆಸಿದ್ದನ್ನೇ ಇನ್ನೊಮ್ಮೆ ಒರೆಸಿದೆ. ತಲೆ ಎತ್ತಿದರೆ ಅವನ ಕಣ್ಣು ನನ್ನ ಮೇಲೇ. ಸಿಕ್ಕಿಬಿದ್ದ ಕೂಡಲೇ ಗೋಡೆ ಮೇಲಿನ ಚಾರ್ಜರ್ ವೈರುಗಳನ್ನ ಬಹಳ ಆಸಕ್ತಿಯಿಂದ ನೋಡೋಕೆ ಶುರುಮಾಡಿದ.

"ಚರ್ಮ ಕಿತ್ತೋಯ್ತದೆ, ಸಾಕು ಕಣಮ್ಮ," ಅಂದರು ಹೊನ್ನಯ್ಯ.

ಆದರೂ ಕೆಂಪು ದೀಪವೇ. ಎಡಗೈಯೂ ಆಗಲಿಲ್ಲ. ಕೊನೆಗೆ ಹೊನ್ನಯ್ಯ ಮೊಬೈಲ್ ಎತ್ತಿ, "ಮುಖದ ಫೋಟೋದಲ್ಲಿ ನೋಡನ. ನೇರ ನೋಡಿ ಕಣ್ಣು ಮಿಟುಕಿಸ್ಬೇಕು," ಅಂದರು.

ಇವನು ನೇರ ನೋಡ್ತಾನೆಯೇ? ಕ್ಯಾಮೆರಾ ಎದುರಿಗೆ, ಕಣ್ಣು ನನ್ನ ಕಡೆ.

"ಇಲ್ಲಿ ನೋಡಪ್ಪ, ನಾನಿರೋದು ಇಲ್ಲಿ."

"ಊಂ ಸಾರ್."

"ಮತ್ತೆ ಅಲ್ಲೇ ಹೋಯ್ತಲ್ಲ ಕಣ್ಣು!"

ನನಗೆ ನಗು ತಡೆಯೋಕಾಗಲಿಲ್ಲ. ನಾನು ನಕ್ಕಿದ್ದಕ್ಕೆ ಅವನೂ ನಕ್ಕ, ಅವನು ನಕ್ಕಿದ್ದಕ್ಕೆ ಫೋಟೋ ಕೆಟ್ಟಿತು. ಮತ್ತೊಂದು ಸಲ, ಇನ್ನೊಂದು ಸಲ. ಆಮೇಲೆ ನಗು ನಿಂತಿತು. ಅವನು ಕುರ್ಚಿಯಲ್ಲಿ ಕೈ ಕಟ್ಟಿ ಕೂತ. ಭಾನುವಾರದ ವಿಷಯ ಗೊತ್ತು, ನನ್ನ ಪಕ್ಕದಲ್ಲೇ ಕೂತಿದ್ದಾನೆ, ಆದರೂ ತುಟಿ ಬಿಚ್ಚಲ್ಲ.

"ಇದು ಆಗಾಕಿಲ್ಲ," ಅಂದರು ಹೊನ್ನಯ್ಯ. "ನನ್ನ ಮಾತು ಕೇಳು, ಹೊಸ ನಂಬರ್ ತಗೊಂಬುಡು."

ನನಗೆ ಅಳು ಬಂತು. ಅಳು ಬಂದರೆ ನಾನು ರೇಗ್ತೀನಿ, ಅದು ನನ್ನ ಜಾಯಮಾನ. ಆಧಾರ್ ಕಾರ್ಡನ್ನ ಮೇಜಿನ ಮೇಲೆ ಪಟ್ಟಂತ ಬಡಿದೆ. "ಕೊಡಿ. ಹೊಸದೇ ಕೊಡಿ. ಹಳೇದು ಯಾರಿಗೂ ಬೇಕಾಗಿಲ್ಲ."

"ಬ್ಯಾಡ!"

ಕೆಂಪರಾಜು ಎದ್ದು ನಿಂತಿದ್ದ. ಅಂಗಡಿಗೆ ಚಾರ್ಜರ್ ಕೊಳ್ಳೋಕೆ ಬಂದಿದ್ದ ಹೆಂಗಸೂ ತಿರುಗಿ ನೋಡಿದಳು.

"ಯಾಕೆ ಬೇಡ?" ಅಂದೆ.

"ನಂಬರ್ ಹೋಯ್ತದೆ."

"ಹೋಗ್ಲಿ. ನಿನಗೇನು?"

"ನಂಗೇನಾ?" ಬೆವರು ಒರೆಸಿಕೊಂಡ. "ಮತ್ತೆ ದೊಡ್ಡಸಿದ್ದಯ್ಯ ಯಾರಿಗೆ ಫೋನ್ ಮಾಡ್ಬೇಕು?"

ಆಮೇಲೆ ಹೇಳ್ತೀನಿ ಅಂದಿದ್ದೆನಲ್ಲ, ಆ ಫೋನು ಇದೇ. ಮಳವಳ್ಳಿಯ ಬೆಲ್ಲದ ಸಾಹುಕಾರ ದೊಡ್ಡಸಿದ್ದಯ್ಯ. ದೀಪಾವಳಿ ಆಸುಪಾಸಲ್ಲಿ ಫೋನ್ ಮಾಡಿ, "ಕೆಂಪರಾಜು ಮನೆಯೋರಾ?" ಅಂದ. ರಾಂಗ್ ನಂಬರ್ ಅನ್ನಬೇಕಿತ್ತು. ನನ್ನ ಬಾಯಿಗೆ ಏನು ಬಂದಿತ್ತೋ, "ಹೂಂ, ಹೇಳಿ" ಅಂದೆ. ಆಮೇಲೆ ಅವನು ಬೆಲ್ಲದ ರೇಟು ಇಳಿಸಿ ಕೇಳಿದ. ನನಗೆ ಉರೀತು. "ಅಷ್ಟಕ್ಕೆಲ್ಲ ಕೊಡಲ್ಲ. ನಮ್ಮನೆಯೋರು ಬೆಂಕಿ ಮುಂದೆ ನಿಂತು ಮಾಡಿರೋ ಬೆಲ್ಲ. ಬೇಕಾದ್ರೆ ತಗೊಳ್ಳಿ, ಇಲ್ಲಾಂದ್ರೆ ಬುಡಿ!" ಅಂತ ಕಟ್ ಮಾಡಿದ್ದೆ.

"ನಿನಗೆ... ಗೊತ್ತಿತ್ತಾ?" ಅಂದೆ.

"ಅವ್ರೇ ಬಂದು ಹೇಳುದ್ರು. 'ನಿನ್ನ ಹೆಂಡ್ರು ಬಾಳ ಗಟ್ಟಿಗಿತ್ತಿ ಕಣಪ್ಪ, ಒಂದ್ರುಪಾಯಿ ಬುಡ್ನಿಲ್ಲ' ಅಂತ. ನಂಗೆ ಮದ್ವೇನೇ ಆಗಿಲ್ಲ ಅನ್ನಕ್ಕೆ ಬಾಯೇ ಬರ್ನಿಲ್ಲ ಅಮ್ಮಿ. ನಂಬರ್ ಇದೇನಾ ಅಂತ ತೋರುಸುದ್ರು. ಎಂಟಿತ್ತು. ಇದೇ ಅಂದೆ."

"ಇದೇ ಅಂದ್ಯಾ?"

"ಅವ್ರಿಗೊಬ್ರಿಗೇ ಅಲ್ಲ. ಆಮೇಲೆ ಕೇಳ್ದೋರ್ಗೆಲ್ಲ ಅದ್ನೇ ಕೊಟ್ಟೆ."

ಅಂದರೆ ದೀಪಾವಳಿಯಿಂದ ಈಚೆಗೆ ನನಗೆ ಬಂದ ರಾಂಗ್ ನಂಬರ್ ಯಾವುದೂ ರಾಂಗಲ್ಲ. ಕಳ್ಳ! ಬಾಯಿ ಬಿಡೋಕಾಗದೆ ಊರಿನ ಸಾಹುಕಾರರನ್ನೆಲ್ಲ ನನ್ನ ಹತ್ರ ಅಟ್ಟಿದ್ದಾನೆ.

"ಮತ್ತೆ ಆ ಹುಡುಗ ಚಿನ್ನದಂತೋನು ಅಂತ ಯಾಕೆ ಹೇಳ್ದೆ?" ಅಂದೆ. ಕಣ್ಣೀರು ಬಂದೇಬಿಟ್ಟಿತ್ತು.

"ಏನಾರ ಒಂದು ತಪ್ಪು ಸಿಗ್ಲಿ ಅಂತ ದಿನ ಪೂರ್ತಿ ಮಳವಳ್ಳಿ ಸುತ್ತುದೆ. ಆ ಬಡ್ಡೀಮಗ ಬೀಡೀನೂ ಸೇದಾಕಿಲ್ಲ. ಸುಳ್ಳು ಹೆಂಗ್ ಹೇಳ್ಲಿ? ಅದೂ ಅಲ್ದೆ ನೀನು ಓದ್ದೋಳು, ಆಲೆಮನೆ ಹೊಗೇಲಿ..."

"ಹೊಗೆ ವಾಸನೆ ನನಗೆ ಇಷ್ಟ ಕಣ್ ಬಾವ."

ಬಾವ. ವರ್ಷದ ಮೇಲೆ ಬಾಯಿಗೆ ಬಂತು. ಅವನು ಯಾವತ್ತಿನ ಹಾಗೆ ತಲೆ ಬಗ್ಗಿಸಲಿಲ್ಲ. ನನ್ನನ್ನೇ ನೋಡಿದ. ಆಸೆ, ಭಯ, ನಾಚಿಕೆ ಎಲ್ಲ ಆ ಮುಖದಲ್ಲಿ ಒಟ್ಟಿಗೇ ಇತ್ತು. "ಭಾನ್ವಾರ ಅವ್ರು ಬರೋದು ಬ್ಯಾಡ," ಅಂದ ಮೆಲ್ಲಗೆ. "ನೀನು ಬೇಕು ನಂಗೆ. ಹೇಳಕ್ಕೆ ಬರ್ದಲೆ ಸತ್ತೋಗಿದ್ದೀನಿ ಇಷ್ಟು ದಿನ."

"ಈಗ ನೇರ ನೋಡ್ತೀಯೇನಪ್ಪ?" ಅಂತ ಹೊನ್ನಯ್ಯ ಮೊಬೈಲ್ ಹಿಡಿದರು. "ನಂಗೂ ಅಂಗಡಿ ಮುಚ್ಚೋದೈತೆ."

ಅವನು ನೇರ ನೋಡಿದ, ಕಣ್ಣು ಮಿಟುಕಿಸಿದ. ಒಂದೇ ಸಲಕ್ಕೆ ಆಯ್ತು.

"ಹಳೇ ಸಿಮ್ಮಲ್ಲಿ ಸಿಗ್ನಲ್ ಹೋದಾಗ ಇದ್ನ ಹಾಕ್ಕೋ," ಅಂತ ಹೊನ್ನಯ್ಯ ಹೊಸ ಸಿಮ್ ಕೊಟ್ಟರು. "ನಿನ್ನ ಹೆಸ್ರಿಗೆ ಮಾಡ್ಸೋದಾದ್ರೆ ಆಮೇಲೆ ಇಬ್ರೂ ಬನ್ನಿ."

"ಅದೇನು ಅರ್ಜೆಂಟಿಲ್ಲ ಬಿಡಿ," ಅಂದೆ.

ಶುಕ್ರವಾರ ಅವನು ನಮ್ಮ ಜಗುಲಿಗೆ ಬಂದು ಕೂತ. ಅಮ್ಮ ಕಾಫಿ ಕೊಟ್ಟು ಕೇಳಿದಳು, "ವಿಚಾರಿಸ್ಕೊಂಡು ಬಂದ್ಯಾ ಕೆಂಪರಾಜು? ಈ ಹುಡ್ಗನೂ ಚಿನ್ನವೋ?"

"ಒಂದು ತಪ್ಪು ಐತೆ ಅತ್ತೆ."

"ಏನ್ಲಾ ಅದು?"

"ಅವ್ನು ನಾನಲ್ಲ."

ನಾನು ಒಳಗೆ ಬಾಗಿಲ ಹಿಂದೆ ನಿಂತಿದ್ದೆ. ಅಮ್ಮ ಸೊಂಟದ ಮೇಲೆ ಕೈಯಿಟ್ಟಳು. "ಇದ್ನ ಹೋದ್ವರ್ಸಾನೇ ಹೇಳಕ್ಕೆ ನಿನಗೇನು ರೋಗ ಬಂದಿತ್ತಾ? ಬಿಂದೂ, ಆ ಮಳವಳ್ಳಿಯೋರ್ಗೆ ಫೋನ್ ಹಾಕು, ಬ್ಯಾಡ ಅಂದ್ಬುಡ್ತೀನಿ!"

ಫೋನ್ ತೆಗೆದರೆ ಸಿಗ್ನಲ್ಲೇ ಇಲ್ಲ. ಹಳೇ ಸಿಮ್ಮು ಆಗಲೇ ಕಣ್ಣು ಮುಚ್ಚಿತ್ತು. ಅಮ್ಮ ಬೈದುಕೊಳ್ತಾ ಪಕ್ಕದ ಮನೆ ಫೋನ್ ಕೇಳೋಕೆ ಹೋದಳು. ನಾನು ಪಿನ್ನು ಹುಡುಕಿ, ಹೊಸ ಸಿಮ್ ಹಾಕಿದೆ. ಸಿಗ್ನಲ್ ಕಡ್ಡಿಗಳು ಒಂದೊಂದಾಗಿ ಎದ್ದವು. ನಮ್ಮ ಅಡುಗೆಮನೆಯಲ್ಲಿ, ಪೂರ್ತಿ ಸಿಗ್ನಲ್ಲು!

ಆಗಲೇ ಫೋನ್ ಹೊಡಕೊಂಡಿತು. ಕೊನೇ ಅಂಕಿ ಏಳು. ಬಾಗಿಲ ಸಂದಿಯಿಂದ ನೋಡಿದರೆ ಜಗುಲಿಯಲ್ಲಿ ಅವನು ಮೊಬೈಲ್ ಕಿವಿಗಿಟ್ಟು, ಬೀದಿ ಕಡೆ ಮುಖ ಮಾಡಿ ಕೂತಿದ್ದ. ಕಿವಿ ಕೆಂಪಗಾಗಿತ್ತು.

ಎತ್ತಿದೆ.

"ಹಲೋ," ಅಂದ, ಸಾಹುಕಾರರ ದನಿಯಲ್ಲಿ. "ಕೆಂಪರಾಜು ಮನೆಯೋರಾ?"

"ಹೂಂ," ಅಂದೆ. "ಹೇಳಿ."