ನೆನೆದು ಸೀಳಿದ ಕಲ್ಲು

"ಅಮ್ಮಾ, ಬೇಗ ಕೆಳಗೆ ಬನ್ನಿ! ದೊಡ್ಡ ಮೇಸ್ತ್ರಿಗಳು ತಮ್ಮ ಚಿಕ್ಕ ಮೇಸ್ತ್ರಿಗಳನ್ನ ಅಂಗಡಿಯಿಂದ ಆಚೆ ಹಾಕ್ತಿದ್ದಾರೆ!"

ಪಾಲಿಶಪ್ಪ ಒಂದೇ ಉಸಿರಿಗೆ ಮೆಟ್ಟಿಲು ಹತ್ತಿ ಬಂದಿದ್ದ. ಕೆಳಗಿನ ಮರಗೆಲಸದ ಅಂಗಡಿಯಲ್ಲಿ ಮೇಜು ಕುರ್ಚಿಗಳಿಗೆ ಹೊಳಪು ಕೊಡುವುದು ಅವನ ಕಸುಬು. ಮಹಡಿಯ ಮೇಲಿನ ಗಡಿಯಾರದಮ್ಮನ ಹಿಂದೆ ಸುತ್ತುವುದು ಅವನ ಹುಚ್ಚು. ಕೈಗಡಿಯಾರ ರಿಪೇರಿ ಮಾಡುತ್ತಲೇ ತಲೆ ನರೆತ ಆಕೆ ಬೀದಿಯವರ ಎಷ್ಟೋ ಗುಟ್ಟುಗಳನ್ನು ಬಿಡಿಸಿದ್ದು ಅವನಿಗೆ ಬಾಯಿಪಾಠ. ಆದರೆ ಇವತ್ತು ಅವನಿಗಿದ್ದದ್ದು ಕುತೂಹಲವಲ್ಲ, ಸಂಕಟ. ಚಿಕ್ಕ ಮೇಸ್ತ್ರಿ ಎಂದರೆ ಅವನಿಗೆ ಪ್ರಾಣ.

ಕೆಳಗೆ ನೀರಿನ ತೊಟ್ಟಿಯೊಳಗೆ ಜಪಾನಿನ ಮಸೆಗಲ್ಲು ಎರಡು ಹೋಳಾಗಿ ಬಿದ್ದಿತ್ತು. ಜೇನಿನ ಬಣ್ಣದ, ಪದರ ಪದರವಾದ ಕಲ್ಲು. ಅಣ್ಣತಮ್ಮಂದಿರಿಗೆ ಕೆಲಸ ಕಲಿಸಿದ ಗುರು ಸಾಯುವ ಮುಂಚೆ ದೊಡ್ಡವನ ಕೈಗೆ ಕೊಟ್ಟದ್ದು. ಅಂಗಡಿಯಲ್ಲಿದ್ದ ಇನ್ನೊಂದು, ಒರಟು ಮಸೆಗಲ್ಲನ್ನು ರಾತ್ರಿಯಿಡೀ ನೆನೆಹಾಕಬೇಕು. ಈ ನಯದ ಕಲ್ಲಿನ ಮೇಲೆ ಮಾತ್ರ ನೀರು ಚಿಮುಕಿಸಬೇಕು ಅಷ್ಟೆ. ನೆನೆಸಿದರೆ ಪದರದೊಳಗೆ ನೀರು ಇಳಿದು ಸೀಳಿಬಿಡುತ್ತದೆ. ಇದು ಅಂಗಡಿಯ ಬೆಕ್ಕಿಗೂ ಗೊತ್ತು ಎಂದು ಪಾಲಿಶಪ್ಪ ಹೇಳುತ್ತಿದ್ದ.

"ಬೇಕಂತಲೇ ಮುಳುಗಿಸಿದಾನೆ!" ದೊಡ್ಡ ಮೇಸ್ತ್ರಿ ಗುಡುಗಿದರು. "ನಿನ್ನೆ ಬೀರುವಿನ ಕೀಲು ನಾನು ಕೊರೀತೀನಿ ಬಿಡು ಅಂತ ನನ್ನ ಕೈಯಿಂದಲೇ ಉಳಿ ಕಿತ್ಕೊಳ್ಳೋಕೆ ಬಂದ. ಬೈದೆ. ಅದರ ಸೇಡು ಇದು. ನಲವತ್ತು ವರ್ಷ ಜೊತೇಲಿ ಕೂತು ಉಂಡವನು!"

ಚಿಕ್ಕ ಮೇಸ್ತ್ರಿ ಎಡಗೈಯಲ್ಲಿ ತಮ್ಮ ಉಳಿಗಳನ್ನು ಒಂದೊಂದಾಗಿ ಚೀಲಕ್ಕೆ ತುಂಬುತ್ತಿದ್ದರು. ಅವರ ಅತ್ತಿಗೆ, ದೊಡ್ಡ ಮೇಸ್ತ್ರಿಗಳ ಹೆಂಡತಿ, ಬಾಗಿಲಲ್ಲಿ ಸೆರಗು ಬಾಯಿಗೆ ಒತ್ತಿಕೊಂಡು ನಿಂತಿದ್ದರು.

ಗಡಿಯಾರದಮ್ಮ ಕಪಾಟಿನ ಬಳಿ ಹೋದರು. ನಯದ ಕಲ್ಲನ್ನು ಸುತ್ತಿಡುವ ಮೆತ್ತನೆಯ ಬಟ್ಟೆ ಗಂಟು ಹಾಕಿದಂತೆಯೇ ಇತ್ತು. ಬಿಚ್ಚಿದರೆ ಒಳಗೆ ಇಟ್ಟಿಗೆ ಬಣ್ಣದ ಒರಟು ಕಲ್ಲು, ಒಣಗಿದ್ದು. ಆಮೇಲೆ ಕಣ್ಣಿಗೆ ಗಡಿಯಾರ ರಿಪೇರಿಯ ಭೂತಗನ್ನಡಿ ಸಿಕ್ಕಿಸಿಕೊಂಡು ದೊಡ್ಡ ಮೇಸ್ತ್ರಿಗಳ ಎರಡು ಉಳಿಗಳನ್ನು ನೋಡಿದರು.

"ನಿನ್ನೆ ಸಂಜೆ ಮಸೆದದ್ದು ಯಾವುದು ಮೇಸ್ತ್ರಿಗಳೇ?"

"ಕಿರಿದು. ಆ ಅಗಲದ್ದು ಮೊನ್ನೆಯದು. ಯಾಕೆ?"

ಅಷ್ಟರಲ್ಲಿ ಒಲೆಯ ಮೇಲೆ ಅಂಟು ಉಕ್ಕಿತು. ದೊಡ್ಡ ಮೇಸ್ತ್ರಿ ಕಾದ ಡಬ್ಬಿಯನ್ನು ಬರಿಗೈಯಲ್ಲೇ ಹಿಡಿದು ಕೆಳಗಿಟ್ಟರು.

"ಅಯ್ಯೋ, ಕೈ!" ಎಂದು ಪಾಲಿಶಪ್ಪನೇ ಚೀರಿದ. ದೊಡ್ಡ ಮೇಸ್ತ್ರಿ ಅವನನ್ನು ವಿಚಿತ್ರವಾಗಿ ನೋಡಿದರು.

"ಪಾಲಿಶಪ್ಪ," ಗಡಿಯಾರದಮ್ಮ ಮೆಲ್ಲಗೆ ಕೇಳಿದರು, "ಬೆಳಗ್ಗೆ ಮೊದಲು ಬರೋದು ಯಾರು?"

"ಚಿಕ್ಕ ಮೇಸ್ತ್ರಿಗಳು. ನಾನು ಬರೋ ಹೊತ್ತಿಗೆ ಉಗುರು ಸಂದಿಯಲ್ಲೆಲ್ಲ ಮಸೆದ ಕೆಸರು ಇರುತ್ತೆ. ಆದ್ರೆ ಅವರು ತಮ್ಮ ಉಳಿ ಮಸೆಯೋದು ಊಟ ಆದ್ಮೇಲೆ..." ಅಲ್ಲಿಗೆ ಪಾಲಿಶಪ್ಪನೇ ತಬ್ಬಿಬ್ಬಾಗಿ ನಿಂತ. ತನ್ನ ಬಾಯಿಂದಲೇ ಅವರನ್ನು ಸಿಕ್ಕಿಸಿಬಿಟ್ಟೆನೇ ಎಂದು ನಾಲಿಗೆ ಕಚ್ಚಿಕೊಂಡ.

ಗಡಿಯಾರದಮ್ಮ ಎಲ್ಲರನ್ನೂ ಕೂರಿಸಿದರು. "ಮೇಸ್ತ್ರಿಗಳೇ, ಗೊತ್ತಾಯ್ತು. ನಿಮ್ಮೊಬ್ಬರಿಗೇ ಹೇಳ್ಲಾ?"

"ಬೈದದ್ದು ಎಲ್ಲರ ಮುಂದೆ. ಹೇಳೋದೂ ಎಲ್ಲರ ಮುಂದೇನೇ ಆಗಲಿ."

"ಸರಿ. ಸೇಡಿಗೆ ಮುಳುಗಿಸಿದವನು ಒರಟು ಕಲ್ಲನ್ನು ಜೋಪಾನವಾಗಿ ಬಟ್ಟೆಯಲ್ಲಿ ಸುತ್ತಿ ಇಡಲ್ಲ. ಇದು ಒಂದರ ಬದಲು ಇನ್ನೊಂದು ಇಟ್ಟ ತಪ್ಪು. ಈ ಎರಡು ಕಲ್ಲು ಅದಲುಬದಲಾಗಬೇಕಾದ್ರೆ ಸಂಜೆ ಮಬ್ಬಿನಲ್ಲಿ ಮಂಜಾದ ಕಣ್ಣಿಗೆ ಬಣ್ಣ ಕಾಣಿಸಬಾರದು, ಬೆರಳಿಗೆ ನಯ ಒರಟು ತಿಳೀಬಾರದು. ಕಾದ ಡಬ್ಬಿ ಹಿಡಿದ್ರೂ ಬಿಸಿ ತಾಕದ ಬೆರಳು ಇಲ್ಲಿ ಒಬ್ಬರದ್ದೇ. ಸಂಜೆ ಕಲ್ಲು ನೆನೆಹಾಕೋರು ಯಾರು?"

ದೊಡ್ಡ ಮೇಸ್ತ್ರಿ ತಮ್ಮ ಅಂಗೈ ನೋಡಿಕೊಂಡರು. ಕೆಂಪಗೆ ಬೊಬ್ಬೆ ಏಳುತ್ತಿತ್ತು. "ನಾನೇ," ಎಂದರು. ಆಮೇಲೆ ಹಟ ಹಿಡಿದವರಂತೆ ಸೇರಿಸಿದರು: "ಬೆರಳು ಸತ್ತಿದ್ರೆ ನನ್ನ ಉಳಿ ಹೀಗೆ ಬೆಣ್ಣೆ ಕೊಯ್ದ ಹಾಗೆ ಕೊಯ್ಯುತ್ತಿತ್ತಾ?"

"ಅದೇ ನನಗೂ ತೊಡಕಾಗಿತ್ತು. ನೀವು ನಿನ್ನೆ ಮಸೆದ ಉಳಿಯ ಅಂಚು ಗುಂಡಗಾಗಿದೆ. ಗೀರುಗಳು ನಡುಗಿವೆ, ಆದ್ರೆ ಬಲಗೈನವರ ಗೀರು, ಈ ಕಡೆಗೆ ಓರೆ. ಮೊನ್ನೆ ನೀವು ಮಸೆದ ಅಗಲ ಉಳಿಯಲ್ಲಿ ಗೀರುಗಳು ಆ ಕಡೆಗೆ ಓರೆ. ಅದು ಎಡಗೈನವರದ್ದು. ನೀವು ಸಂಜೆ ಮಸೆದು ಮನೆಗೆ ಹೋಗ್ತೀರಿ. ನೀವು ಬರೋ ಮುಂಚೆ ಬೆಳಗ್ಗೆ ಬಂದು ಯಾರೋ ಮತ್ತೆ ಮಸೆದಿಡ್ತಾರೆ. ಇವತ್ತು ಒಡೆದ ಕಲ್ಲು ನೋಡಿ ಅವರಿಗೆ ಕೈ ಓಡಲಿಲ್ಲ, ಅಷ್ಟೆ."

ಪಾಲಿಶಪ್ಪ ಚಿಕ್ಕ ಮೇಸ್ತ್ರಿಗಳ ಎಡಗೈಯನ್ನೇ ನೋಡಿದ.

"ಎಷ್ಟು ದಿನದಿಂದ?" ದೊಡ್ಡ ಮೇಸ್ತ್ರಿ ತಲೆಯೆತ್ತದೆ ಕೇಳಿದರು.

"ವರ್ಷದ ಮೇಲಾಯ್ತು ಅಣ್ಣ."

"ಬಾಯಿ ಬಿಟ್ಟು ಹೇಳೋಕೆ ಏನಾಗಿತ್ತು ನಿಂಗೆ?"

"ಹೇಳಿದ್ರೆ ಅವತ್ತೇ ಕೆಲಸ ಬಿಟ್ಟು ಮನೇಲಿ ಕೂರ್ತಿದ್ದೆ ನೀನು. ಆಮೇಲೆ ನಾನು ಇಲ್ಲಿ ಯಾರ ಹತ್ರ ಜಗಳ ಆಡ್ಲಿ?"

ಅತ್ತಿಗೆ ಅಳುತ್ತ ನಕ್ಕರು. ದೊಡ್ಡ ಮೇಸ್ತ್ರಿ ಎದ್ದು ತಡವರಿಸಿ ಬಂದು ತಮ್ಮನ ಚೀಲಕ್ಕೆ ಕೈ ಹಾಕಿ ಒಂದು ಉಳಿ ಹೊರಗೆ ತೆಗೆದು ಅದರ ಜಾಗದಲ್ಲಿಟ್ಟರು. ಮತ್ತೊಂದು ತೆಗೆದರು. ಯಾರೂ ಅವರಿಗೆ ನೆರವಾಗಲು ಹೋಗಲಿಲ್ಲ. ಚೀಲ ಖಾಲಿಯಾದ ಮೇಲೆ ಕಣ್ಣೊರೆಸಿಕೊಂಡರು.

"ವಯಸ್ಸಾದ ಹಾಗೆ ನನ್ನ ಕೈ ಪಳಗ್ತಿದೆ ಅಂತ ಈ ವರ್ಷವೆಲ್ಲ ಸಿಕ್ಕಸಿಕ್ಕವರ ಹತ್ರ ಜಂಬ ಕೊಚ್ಕೊಂಡೆ. ನಲವತ್ತು ವರ್ಷದಲ್ಲಿ ನಿನ್ನ ಕೆಲಸಾನ ಒಂದು ದಿನ ಚೆನ್ನಾಗಿದೆ ಅಂದವನಲ್ಲ ನಾನು," ಎಂದರು. "ಹೊಗಳಿದ್ದೆಲ್ಲ ನಿನ್ನನ್ನೇ ಕಣೋ."